ಕಾಣುವ ಆಯುಧ, ಕಾಣದ ಆಯುಧ ಮತ್ತು ಅಭಯದಾನ

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ಜೈನಧರ್ಮವು ದಾನವನ್ನು ನಾಲ್ಕು ಬಗೆಯಾಗಿ ಹೇಳುತ್ತದೆ. ಮೊದಲ ಮೂರನ್ನು ಕೊಡಲು ಕೈಯಲ್ಲಿ ಏನಾದರೂ ಇರಬೇಕು. ನಾಲ್ಕನೆಯದಕ್ಕೆ ದ್ರವ್ಯ ಬೇಡ, ವಿದ್ಯೆಯೂ ಬೇಡ. 'ನನ್ನಿಂದ ನಿನಗೆ ಕೇಡಿಲ್ಲ' ಎಂಬ ಭರವಸೆ ಎದುರಿನ ಜೀವಕ್ಕೆ ದೊರೆತರೆ ಆ ದಾನವು ಪೂರ್ಣವಾಗುತ್ತದೆ. ಹಾಗಾದರೆ ಆತ್ಮರಕ್ಷಣೆಗೆಂದು ಆಯುಧವನ್ನು ಧರಿಸಿ ಹತ್ತು ಜನರ ನಡುವೆ ನಡೆಯುವ ಗೃಹಸ್ಥನು ಈ ದಾನವನ್ನು ಕೊಡಬಲ್ಲನೆ? ಆಯುಧವು ಎಲ್ಲರಿಗೂ ಕಾಣುವಂತಿರುವುದು ಲೇಸೋ, ಯಾರಿಗೂ ಕಾಣದಂತಿರುವುದು ಲೇಸೋ? ಕಾಣದ ಆಯುಧದ ಸುತ್ತ ಜನರು ನೆಮ್ಮದಿಯಿಂದ ಇರುತ್ತಾರೆ ಎಂಬುದು ನಿಜ. ಆ ನೆಮ್ಮದಿಯನ್ನು ಅಭಯವೆಂದು ಕರೆಯಬಹುದೆ ಎಂಬುದು ಇಲ್ಲಿ ವಿಚಾರಾರ್ಹವಾದ ಪ್ರಶ್ನೆ.

ಈ ಪ್ರಶ್ನೆಯು ದೂರದ ದೇಶಗಳಿಗೆ ಮಾತ್ರ ಸೇರಿದ್ದಲ್ಲ. 2021ರ ಆಗಸ್ಟ್ 23ರ ಸಂಜೆ ಮೈಸೂರಿನ ವಿದ್ಯಾರಣ್ಯಪುರಂ ಬಡಾವಣೆಯ ಆಭರಣದಂಗಡಿಯೊಂದಕ್ಕೆ ದರೋಡೆಕೋರರು ನುಗ್ಗಿದರು. ಅವರು ಹಾರಿಸಿದ ಗುಂಡಿಗೆ ಅಂಗಡಿಗೆ ಬಂದಿದ್ದ ಯುವಕನೊಬ್ಬನು ಬಲಿಯಾದನು. ಶಾಂತನಗರವೆಂದು ಹೆಸರಾದ ಊರಿನಲ್ಲಿ ನಡೆದ ಈ ಘಟನೆಯು ಚಿನ್ನಬೆಳ್ಳಿಯ ವ್ಯಾಪಾರದಲ್ಲಿರುವ ಅನೇಕ ಕುಟುಂಬಗಳನ್ನು ಚಿಂತೆಗೀಡುಮಾಡಿತು. ಆ ವ್ಯಾಪಾರದಲ್ಲಿ ಜೈನಬಂಧುಗಳು ಗಣನೀಯ ಸಂಖ್ಯೆಯಲ್ಲಿ ಇರುವುದರಿಂದ ಅವರ ಮನೆಗಳಲ್ಲಿ ಆಯುಧದ ಮಾತು ಬರುವುದು ಸಹಜ.

ವಿಚಾರದ ಅನುಕೂಲಕ್ಕಾಗಿ ಚಾಮುಂಡಿಬೆಟ್ಟದ ತಪ್ಪಲಿನ ಸಿದ್ಧಾರ್ಥನಗರದಲ್ಲಿ ಅಂತಹ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಬಡಾವಣೆಗೆ ಆ ಹೆಸರು ಯಾವ ಕಾರಣದಿಂದಲೇ ಬಂದಿರಲಿ, ಜೈನರ ಕಿವಿಗೆ ಅದು ಭಗವಾನ್ ಮಹಾವೀರರ ತಂದೆಯಾದ ಸಿದ್ಧಾರ್ಥ ಮಹಾರಾಜನನ್ನು ನೆನಪಿಗೆ ತರುತ್ತದೆ. ತೀರ್ಥಂಕರನು ಹುಟ್ಟಿದ್ದು ಕ್ಷತ್ರಿಯನ ಮನೆಯಲ್ಲಿ. ಅಂದರೆ ಆಯುಧಗಳಿದ್ದ ಮನೆಯಲ್ಲಿ. ಇಲ್ಲಿ ಕಲ್ಪಿಸಿದ ಮನೆಯ ಹಿರಿಯರು, ಅಂಗಡಿಯ ಬಾಗಿಲಲ್ಲಿ ಜೋಡುನಳಿಗೆಯ ಬಂದೂಕು ಹಿಡಿದ ಕಾವಲುಗಾರನೊಬ್ಬನನ್ನು ನಿಲ್ಲಿಸಬೇಕೆನ್ನುತ್ತಾರೆ. ಬ್ಯಾಂಕುಗಳ ಮುಂದೆ ಇಂತಹ ಕಾವಲುಗಾರರನ್ನು ಜನರು ನಿತ್ಯವೂ ಕಾಣುತ್ತಾರೆ, ಯಾರೂ ಬೆಚ್ಚುವುದಿಲ್ಲ. ಮಗನ ಅಭಿಪ್ರಾಯ ಬೇರೆ. ಬಂದೂಕನ್ನು ಕಂಡರೆ ಮಕ್ಕಳನ್ನು ಕರೆದುಕೊಂಡು ಬಂದ ತಾಯಂದಿರು ಹಿಂಜರಿಯುತ್ತಾರೆ, ಕಳ್ಳನೂ ಮೊದಲೇ ಎಚ್ಚರಗೊಳ್ಳುತ್ತಾನೆ. ಆದ್ದರಿಂದ ಪರವಾನಗಿ ಪಡೆದು ಅಂಗಿಯೊಳಗೆ ಪಿಸ್ತೂಲು ಇಟ್ಟುಕೊಂಡರೆ ಸಾಕು ಎಂಬುದು ಅವನ ವಾದ. ತಂದೆಗೆ ಮಗನ ಮಾರ್ಗದಲ್ಲಿ ಕಪಟ ಕಾಣುತ್ತದೆ. ಮಗನಿಗೆ ತಂದೆಯ ಮಾರ್ಗದಲ್ಲಿ ಬೆದರಿಕೆ ಕಾಣುತ್ತದೆ. ಇಬ್ಬರೂ ಒಳ್ಳೆಯ ಶ್ರಾವಕರೇ. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿದೆ.

ಮೊದಲು ದೇಶದ ಕಾನೂನು ಏನು ಹೇಳುತ್ತದೆ ಎಂಬುದನ್ನು ನೋಡಬಹುದು. 1959ರ ಆಯುಧ ಅಧಿನಿಯಮದ ಪ್ರಕಾರ ಬಂದೂಕು ಅಥವಾ ಪಿಸ್ತೂಲು ಹೊಂದಲು ಪರವಾನಗಿ ಬೇಕು. ಅದರ ಅಡಿಯಲ್ಲಿ 2016ರಲ್ಲಿ ಬಂದ ನಿಯಮಗಳು ಸಾರ್ವಜನಿಕ ಸ್ಥಳದಲ್ಲಿ ಆಯುಧವನ್ನು ಒಯ್ಯುವ ಕ್ರಮವನ್ನೂ ಗೊತ್ತುಪಡಿಸಿವೆ. ಪಿಸ್ತೂಲು ಅದಕ್ಕೆಂದೇ ಮಾಡಿದ ಚೀಲದಲ್ಲಿರಬೇಕು. ಬಂದೂಕಿಗೂ ತಕ್ಕ ಹೊದಿಕೆ ಇರಬೇಕು. ಆಯುಧವು ಪೂರ್ಣವಾಗಿ ಮುಚ್ಚಿರಬೇಕು ಮತ್ತು ಒಯ್ಯುವವನ ಹಿಡಿತದಲ್ಲಿರಬೇಕು. ಜನರ ನಡುವೆ ಅದನ್ನು ಝಳಪಿಸಿದರೆ ಪರವಾನಗಿಯೇ ರದ್ದಾಗಬಹುದು. 2019ರ ತಿದ್ದುಪಡಿಯು ಇನ್ನೂ ಮುಂದೆ ಹೋಗಿ, ಸಂಭ್ರಮಕ್ಕಾಗಿ ಗುಂಡು ಹಾರಿಸಿ ಇತರರ ಪ್ರಾಣಕ್ಕೆ ಅಪಾಯ ತರುವವರಿಗೆ 2 ವರ್ಷಗಳವರೆಗೆ ಸೆರೆವಾಸ, 1 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಿತು. ಒಬ್ಬನು ಹೊಂದಬಹುದಾದ ಆಯುಧಗಳ ಸಂಖ್ಯೆಯನ್ನು ಸಾಮಾನ್ಯವಾಗಿ 3ರಿಂದ 2ಕ್ಕೆ ಇಳಿಸಿತು. ಹೀಗೆ ಪರವಾನಗಿದಾರನು ಬೀದಿಯಲ್ಲಿ ಆಯುಧವನ್ನು ಮುಚ್ಚಿ ಒಯ್ಯಬೇಕೆಂಬುದೇ ಭಾರತದ ವಿಧಿ. ಜನರು ಭಯಪಡಬಾರದೆಂಬ ಕಾಳಜಿ ಇದರಲ್ಲಿ ಸ್ಪಷ್ಟವಾಗಿದೆ.

ಆದರೆ ಕಾಣುವ ಆಯುಧವು ಎಲ್ಲೆಡೆಯೂ ಭಯವನ್ನೇ ಹುಟ್ಟಿಸುತ್ತದೆಯೆ? ಮೈಸೂರಿನಿಂದ ಹುಣಸೂರಿನ ದಾರಿ ಹಿಡಿದು ಪಶ್ಚಿಮಕ್ಕೆ ನಡೆದರೆ ಕೊಡಗು ಸಿಗುತ್ತದೆ. ಅಲ್ಲಿ ಕೋವಿಯು ಮನೆತನದ ಸೊತ್ತು. ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ, ಕತ್ತಿಗಳನ್ನು ಶುಚಿಗೊಳಿಸಿ, ತೋಕ್‌ಪೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ಪುತ್ತರಿಯಂದು ಹೊಸ ಕದಿರನ್ನು ಕೊಯ್ಯುವಾಗ ಗುಂಡು ಹಾರುತ್ತದೆ. ಮನೆಯಲ್ಲಿ ಸಾವಾದರೆ ಅದನ್ನು ನೆರೆಹೊರೆಗೆ ತಿಳಿಸುವುದೂ ಕೋವಿಯ ಸದ್ದಿನಿಂದಲೇ. 1861ರಲ್ಲಿ, ಮೈಸೂರು ಮತ್ತು ಕೊಡಗುಗಳ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ಕೊಡವರಿಗೆ ನಿಶ್ಶಸ್ತ್ರೀಕರಣದ ಕಾನೂನಿನಿಂದ ವಿನಾಯಿತಿ ದೊರೆಯಿತು. ಸ್ವತಂತ್ರ ಭಾರತವೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿಯನ್ನು ಮುಂದುವರಿಸಿತು. 2019ರಲ್ಲಿ ಕೇಂದ್ರ ಸರ್ಕಾರವು ಅದನ್ನು 2029ರವರೆಗೆ ವಿಸ್ತರಿಸಿತು. ಇದು ಸಮಾನತೆಗೆ ವಿರುದ್ಧವೆಂದು ಹೂಡಿದ ಅರ್ಜಿಯನ್ನು 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ತಳ್ಳಿಹಾಕಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಹಬ್ಬದ ದಿನ ಹೆಗಲ ಮೇಲೆ ಕೋವಿ ಇಟ್ಟು ನಿಂತ ಹಿರಿಯನನ್ನು ನೋಡಿ ಅಲ್ಲಿಯ ಮಕ್ಕಳು ಹೆದರುವುದಿಲ್ಲ. ಆ ಕೋವಿ ಯಾವ ಮನೆಯದು, ಯಾವಾಗ ಹೊರಗೆ ಬರುತ್ತದೆ, ಯಾವಾಗ ಒಳಗೆ ಹೋಗುತ್ತದೆ ಎಂಬುದನ್ನು ಊರೆಲ್ಲವೂ ಬಲ್ಲದು. ಅಲ್ಲಿಯ ನೆಮ್ಮದಿಗೆ ಆಧಾರವಾದದ್ದು ಆಯುಧವನ್ನು ಕಟ್ಟಿಹಾಕಿರುವ ಕಟ್ಟಳೆ. ಸಿಖ್ಖರ ಕೃಪಾಣವನ್ನು ಸಂವಿಧಾನದ 25ನೆಯ ಅನುಚ್ಛೇದವು ಅವರ ಧರ್ಮಾಚರಣೆಯ ಅಂಗವೆಂದು ಮಾನ್ಯ ಮಾಡಿರುವುದರಲ್ಲಿಯೂ ಇದೇ ತತ್ತ್ವವಿದೆ. ಅದು ವ್ರತಕ್ಕೆ ಕಟ್ಟುಬಿದ್ದ ಆಯುಧ.

ಅದೇ ಕೋವಿಯನ್ನು ಅದೇ ಹಿರಿಯನು ಹೆಗಲಿಗೇರಿಸಿಕೊಂಡು ಸಿದ್ಧಾರ್ಥನಗರದ ಬಸ್ ನಿಲ್ದಾಣದಲ್ಲಿ ನಿಂತರೆ ಜನರು ದೂರ ಸರಿಯುತ್ತಾರೆ. ಕೋವಿ ಬದಲಾಗಲಿಲ್ಲ, ಹಿಡಿದವನ ಸ್ವಭಾವವೂ ಬದಲಾಗಲಿಲ್ಲ. ಅವನು ಯಾರು, ಅವನನ್ನು ಯಾವ ಕಟ್ಟಳೆ ತಡೆಯುತ್ತದೆ ಎಂಬುದು ನೋಡುವವರಿಗೆ ತಿಳಿಯದು. ಅಪರಿಚಿತರ ನಗರದಲ್ಲಿ ಹೊದಿಕೆಯು ಅವಶ್ಯಕವಾಗುವುದು ಈ ಕಾರಣದಿಂದ.

ಇತರ ದೇಶಗಳ ಅನುಭವವೂ ಈ ವಿಚಾರಕ್ಕೆ ಬೆಳಕು ಚೆಲ್ಲುತ್ತದೆ. ಅಮೆರಿಕದ ಕೆಂಟಕಿ ಮತ್ತು ಲೂಯಿಸಿಯಾನ ರಾಜ್ಯಗಳು 1813ರಷ್ಟು ಹಿಂದೆಯೇ ಆಯುಧವನ್ನು ಬಚ್ಚಿಟ್ಟು ಒಯ್ಯುವುದನ್ನು ನಿಷೇಧಿಸಿದವು. ಸಜ್ಜನನು ಆಯುಧವನ್ನು ಎಲ್ಲರೂ ಕಾಣುವಂತೆ ಧರಿಸುತ್ತಾನೆ, ಮರೆಯಲ್ಲಿ ಇಡುವವನು ಘಾತಕನು ಎಂಬುದು ಆ ಕಾಲದ ನಂಬಿಕೆಯಾಗಿತ್ತು. ಕಾಲಾಂತರದಲ್ಲಿ ಆ ದೇಶದ ಅನೇಕ ಕಡೆ ಭಾವನೆ ತಿರುಗಿತು. ಮರೆಯಲ್ಲಿ ಒಯ್ಯುವುದು ಸಭ್ಯವೆನಿಸಿತು. ಅಂಗಡಿ, ಉದ್ಯಾನಗಳಲ್ಲಿ ಎದ್ದು ಕಾಣುವ ಬಂದೂಕು ಜನರಿಗೆ ಕಿರಿಕಿರಿಯಾಯಿತು. 2022ರ ಜೂನ್‌ನಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಮನೆಯ ಹೊರಗೂ ಪಿಸ್ತೂಲನ್ನು ಒಯ್ಯುವುದು ನಾಗರಿಕರ ಹಕ್ಕೆಂದು ತೀರ್ಪಿತ್ತಿತು. ಆದರೂ ಕಾಣುವಂತೆಯೋ ಕಾಣದಂತೆಯೋ ಎಂಬ ಚರ್ಚೆ ಅಲ್ಲಿ ಮುಗಿದಿಲ್ಲ. ಒಂದು ಶತಮಾನಕ್ಕೆ ಪ್ರಾಮಾಣಿಕತೆಯಾಗಿ ತೋರಿದ್ದು ಇನ್ನೊಂದು ಶತಮಾನಕ್ಕೆ ಒರಟುತನವಾಗಿ ತೋರುವುದಾದರೆ, ಜನರ ನೆಮ್ಮದಿಯು ಬಹುಮಟ್ಟಿಗೆ ರೂಢಿಯ ಕೂಸು ಎಂದಾಯಿತು. ರೂಢಿಯನ್ನು ಗೌರವಿಸಬೇಕು; ಆದರೆ ಧರ್ಮಾಧರ್ಮಗಳನ್ನು ಅದರಿಂದಲೇ ಅಳೆಯಲಾಗದು.

ಹಾಗಾದರೆ ಅಳತೆಗೋಲು ಯಾವುದು? ಆಚಾರ್ಯರು ಕಷಾಯಗಳನ್ನು ಹಿಡಿದು ವಿಚಾರ ಮಾಡುವ ದಾರಿಯನ್ನು ತೋರಿದ್ದಾರೆ. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕೂ ಕಷಾಯಗಳು ಆಯುಧದ ಸುತ್ತ ಸುಳಿಯುತ್ತವೆ. ಆಯುಧವನ್ನು ಪ್ರದರ್ಶಿಸುವವನಿಗೆ ಮಾನಕಷಾಯದ ಅಪಾಯ ಹೆಚ್ಚು. ಜನರು ದಾರಿ ಬಿಡುವುದು, ದನಿ ತಗ್ಗಿಸುವುದು ಅವನಿಗೆ ಹಿತವಾಗತೊಡಗುತ್ತದೆ. ಅದು ಪರರ ಭಯದಿಂದ ತೆಗೆದ ಸುಖ. ಮರೆಯಲ್ಲಿ ಒಯ್ಯುವವನಿಗೆ ಮಾಯಾಕಷಾಯದ ಅಪಾಯ ಹೆಚ್ಚು. ಎದುರಿಗಿರುವವನು ತನ್ನನ್ನು ನಿರಾಯುಧನೆಂದು ತಿಳಿದು ಮಾತನಾಡುತ್ತಿದ್ದಾನೆ, ಆದರೆ ಪ್ರಾಣ ತೆಗೆಯುವ ಶಕ್ತಿ ತನ್ನ ಸೊಂಟದಲ್ಲಿದೆ ಎಂಬ ಗುಟ್ಟಿನ ಹಿಗ್ಗು ಅವನೊಳಗೆ ಬೆಳೆಯುತ್ತದೆ. ಎರಡೂ ಕಡೆ ಆಯುಧವನ್ನು ತರಿಸಿದ್ದು ಸಂಪತ್ತಿನ ಲೋಭವಾಗಿರಬಹುದು, ಹೊರಗೆಳೆಸುವುದು ಕ್ರೋಧವಾಗಿರಬಹುದು. ತಂದೆಯು ಮಗನಲ್ಲಿ ಕಂಡ ಕಪಟ, ಮಗನು ತಂದೆಯಲ್ಲಿ ಕಂಡ ಬೆದರಿಕೆ, ಎರಡೂ ಸುಳ್ಳಲ್ಲ.

ಮುಚ್ಚಿಟ್ಟದ್ದೆಲ್ಲವೂ ಮಾಯೆಯೆ ಎಂಬ ಆಕ್ಷೇಪ ಇಲ್ಲಿ ಬರಬಹುದು. ಹಾಗಲ್ಲ. ಮನೆಯೊಡೆಯನು ಕುಡಗೋಲನ್ನು ಮಕ್ಕಳ ಕಣ್ಣಿಗೆ ಬೀಳದಂತೆ ಅಟ್ಟದ ಮೇಲಿಡುವುದು ಕಪಟವಲ್ಲ, ಕರುಣೆ. ಪರರ ಮನಸ್ಸಿಗೆ ಕ್ಲೇಶವಾಗದಿರಲೆಂದು ಆಯುಧಕ್ಕೆ ಹೊದಿಕೆ ಹಾಕುವುದೂ ಅಂತಹುದೇ. ಎದುರಿನವನನ್ನು ಮೋಸಗೊಳಿಸಿ ಮೇಲುಗೈ ಪಡೆಯುವ ಉದ್ದೇಶದಿಂದ ಮುಚ್ಚಿದಾಗ ಮಾತ್ರ ಹೊದಿಕೆಯು ಮಾಯೆಯಾಗುತ್ತದೆ. ಬಟ್ಟೆ ಒಂದೇ, ಒಳಗಿನ ಭಾವದಿಂದ ಅದು ಪುಣ್ಯದ ಕಡೆಗೂ ಪಾಪದ ಕಡೆಗೂ ವಾಲುತ್ತದೆ.

ಭಾವಕ್ಕೆ ಜೈನಧರ್ಮವು ಕೊಟ್ಟ ಪ್ರಾಧಾನ್ಯವನ್ನು ಇಲ್ಲಿ ನೆನೆಯಬೇಕು. ಪ್ರಮಾದಯುಕ್ತವಾದ ಮನೋವಾಕ್ಕಾಯಗಳ ವ್ಯಾಪಾರದಿಂದ ಪ್ರಾಣಕ್ಕೆ ಹಾನಿ ಮಾಡುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ನಿರ್ಣಯಿಸಿದೆ. ರಾಗಾದಿಗಳು ಹುಟ್ಟುವುದರಲ್ಲಿಯೇ ಹಿಂಸೆಯಿದೆ ಎಂಬುದು ಅಮೃತಚಂದ್ರಾಚಾರ್ಯರ ಅಭಿಪ್ರಾಯ. ಜನ್ನನ ಯಶೋಧರ ಚರಿತೆಯನ್ನು ಓದಿದ ಕನ್ನಡಿಗರಿಗೆ ಹಿಟ್ಟಿನ ಕೋಳಿಯ ಪ್ರಸಂಗ ತಿಳಿದಿದೆ. ಅಲ್ಲಿ ಕತ್ತಿಗೆ ಸಿಕ್ಕಿದ್ದು ಜೀವವಿಲ್ಲದ ಹಿಟ್ಟು. ಆದರೂ ಬಲಿಯ ಸಂಕಲ್ಪವು ತಾಯಿಮಗನನ್ನು ಜನ್ಮಜನ್ಮಗಳಲ್ಲಿ ಅಲೆದಾಡಿಸಿತು. ಪಿಸ್ತೂಲನ್ನು ಧರಿಸಿದವನು ಒಂದು ಗುಂಡನ್ನೂ ಹಾರಿಸದೆ ಜೀವನ ಮುಗಿಸಬಹುದು. ಆದರೆ ಅಂಗಡಿಗೆ ಬಂದ ಪ್ರತಿಯೊಬ್ಬ ಅಪರಿಚಿತನನ್ನೂ ಅವನು ಮನಸ್ಸಿನಲ್ಲಿ ಕಳ್ಳನೆಂದು ಭಾವಿಸಿ, ಹೇಗೆ ಹೊಡೆಯಬೇಕೆಂದು ಲೆಕ್ಕ ಹಾಕುತ್ತಿದ್ದರೆ ದಿನಕ್ಕೆ ಹತ್ತು ಹಿಟ್ಟಿನ ಕೋಳಿಗಳನ್ನು ಕಡಿದಂತೆಯೇ ಸರಿ. ಪರರ ವಧಬಂಧನಗಳನ್ನು ಚಿಂತಿಸುವುದಕ್ಕೆ ಶ್ರಾವಕಾಚಾರ ಗ್ರಂಥಗಳು ಅಪಧ್ಯಾನವೆಂದು ಹೆಸರಿಟ್ಟು, ಅದನ್ನು ಅನರ್ಥದಂಡಗಳಲ್ಲಿ ಸೇರಿಸಿವೆ.

ಆಯುಧವು ಕೈಗೆ ನಿಲುಕುವಂತಿದ್ದರೆ ಎಂತಹ ದೊಡ್ಡವರಿಗೂ ಆಗುವ ಅನಾಹುತವನ್ನು ಭರತ ಬಾಹುಬಲಿಗಳ ಕಥೆಯು ತೋರಿಸುತ್ತದೆ. ಎರಡು ಸೈನ್ಯಗಳ ಜೀವಗಳು ವ್ಯರ್ಥವಾಗಬಾರದೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಗೊತ್ತುಪಡಿಸಿದರು. ಅದು ಎಲ್ಲರೂ ಕಾಣುವಂತೆ, ಆಯುಧವಿಲ್ಲದೆ ನಡೆಯಬೇಕಾದ ಸ್ಪರ್ಧೆ. ಮೂರರಲ್ಲಿಯೂ ಸೋತ ಭರತನು ಅವಮಾನ ತಾಳಲಾರದೆ ಚಕ್ರರತ್ನವನ್ನು ನೆನೆದನು. ಒಡಹುಟ್ಟಿದವನ ಮೇಲೆ ಅದನ್ನು ಬಿಟ್ಟನು. ಚಕ್ರವು ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಂತಿತು. ಭರತನು ಕೇಡಿಗನಲ್ಲ, ಮುಂದೆ ಮೋಕ್ಷಗಾಮಿಯಾದ ಮಹಾಪುರುಷ. ಅಂತಹವನಿಗೂ ಸೋಲಿನ ಆ ಒಂದು ಕ್ಷಣದಲ್ಲಿ ಮಾತು ಮರೆತುಹೋಯಿತು, ಆಯುಧ ನೆನಪಾಯಿತು. ಭರತನ ಚಕ್ರಕ್ಕೆ ಹಿಂದಿರುಗುವ ವಿವೇಕವಿತ್ತು. ಪಿಸ್ತೂಲಿನ ಗುಂಡಿಗೆ ಅಂತಹ ವಿವೇಕವಿಲ್ಲ. ವಿದ್ಯಾರಣ್ಯಪುರಂನಲ್ಲಿ ಅದು ತಾಗಿದ್ದು, ಕಳ್ಳರಿಗೂ ಅಂಗಡಿಯವರಿಗೂ ನಡುವಿನ ಕಲಹದಲ್ಲಿ ಪಾಲಿಲ್ಲದ ಒಬ್ಬನಿಗೆ. ಅಂಗಡಿಯವನ ಬಳಿಯೂ ಆಯುಧವಿದ್ದಿದ್ದರೆ ಆ ಯುವಕನು ಉಳಿಯುತ್ತಿದ್ದನೋ ಇನ್ನೊಬ್ಬನೂ ಬೀಳುತ್ತಿದ್ದನೋ ಎಂದು ನಿಶ್ಚಯವಾಗಿ ಹೇಳುವವರಿಲ್ಲ. ಆಯುಧವು ಕಾಣುವಂತಿದ್ದರೂ ಕಾಣದಂತಿದ್ದರೂ ಈ ಅನಿಶ್ಚಯವು ಅದರ ಜೊತೆಗೇ ಬರುತ್ತದೆ.

ಹಾಗೆಂದು ಗೃಹಸ್ಥನು ಆಯುಧವನ್ನು ಮುಟ್ಟಲೇಬಾರದು ಎಂದು ಜಿನಶಾಸನವು ಹೇಳುವುದಿಲ್ಲ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ಹಿಂಸೆಗಳಲ್ಲಿ ಸಂಕಲ್ಪೀ ಹಿಂಸೆಯನ್ನು ಅಣುವ್ರತಿಯು ಸಂಪೂರ್ಣವಾಗಿ ತ್ಯಜಿಸಬೇಕು. ಆತ್ಮರಕ್ಷಣೆ ಮತ್ತು ಆಶ್ರಿತರ ರಕ್ಷಣೆಯಲ್ಲಿ ಅನಿವಾರ್ಯವಾಗಿ ಘಟಿಸುವ ವಿರೋಧೀ ಹಿಂಸೆಯು ಅವನ ಅಣುವ್ರತವನ್ನು ಭಂಗಗೊಳಿಸುವುದಿಲ್ಲ. ಆದರೂ ಅದು ಹಿಂಸೆಯೇ. ಶ್ರವಣಬೆಳಗೊಳದಲ್ಲಿ 981ರ ಸುಮಾರಿಗೆ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಮಂತ್ರಿಯೂ ಸೇನಾನಿಯೂ ಆಗಿದ್ದನು. ವೀರಮಾರ್ತಂಡನೆಂಬ ಬಿರುದು ಹೊತ್ತವನು. ಯುದ್ಧಗಳನ್ನು ಗೆದ್ದ ಕೈಗಳೇ ಆಯುಧವನ್ನು ತೊರೆದವನ ಮೂರ್ತಿಯನ್ನು ಮಾಡಿಸಿದವು ಎಂಬುದು ಮನನೀಯ. ಆ ಯೋಧನು ತನ್ನ ಕತ್ತಿಯನ್ನು ಆದರ್ಶವೆಂದು ಬೆಟ್ಟದ ಮೇಲೆ ನಿಲ್ಲಿಸಲಿಲ್ಲ.

ಈ ಹಿನ್ನೆಲೆಯಲ್ಲಿ ಸಿದ್ಧಾರ್ಥನಗರದ ಆ ತಂದೆಮಕ್ಕಳ ಪ್ರಶ್ನೆಗೆ ಮರಳಬಹುದು. ಅವರು ಮೊದಲು ಕೇಳಿಕೊಳ್ಳಬೇಕಾದದ್ದು ಆಯುಧವು ಅನಿವಾರ್ಯವೆ ಎಂಬುದನ್ನು. ಸಪ್ತಭಯಗಳಲ್ಲಿ ಅಗುಪ್ತಿಭಯ ಮತ್ತು ಆಕಸ್ಮಿಕಭಯಗಳೂ ಸೇರಿವೆ: ರಕ್ಷಣೆಯಿಲ್ಲವೆಂಬ ಭಯ, ಏನಾಗುವುದೋ ಎಂಬ ಭಯ. ಇವು ಆಯುಧವನ್ನು ಕೊಂಡ ಮಾತ್ರಕ್ಕೆ ಹೋಗುವುದಿಲ್ಲ. ಆಯುಧವು ಕಳುವಾದೀತೆಂಬ ಹೊಸ ಭಯವೂ ಸೇರಿಕೊಳ್ಳುತ್ತದೆ. ಗಟ್ಟಿಯಾದ ತಿಜೋರಿ, ವಿಮೆ, ಕ್ಯಾಮೆರಾ, ಕತ್ತಲಾಗುವ ಮುನ್ನ ಅಂಗಡಿ ಮುಚ್ಚುವ ಪದ್ಧತಿ, ಅಂಗಡಿಯಲ್ಲಿ ಇಡುವ ಸರಕಿನ ಮಿತಿ, ಇವುಗಳಿಂದ ಆಗುವ ರಕ್ಷಣೆಯನ್ನು ಮೊದಲು ಮಾಡಿಕೊಳ್ಳಬೇಕು. ಪರಿಗ್ರಹಪರಿಮಾಣ ವ್ರತವೂ ಒಂದು ರಕ್ಷಣೆಯೇ ಎಂಬುದನ್ನು ವ್ಯಾಪಾರಿಗಳು ಹೆಚ್ಚಾಗಿ ಮರೆಯುತ್ತಾರೆ.

ಇಷ್ಟಾಗಿಯೂ ಆಯುಧವು ಬೇಕೇ ಆದರೆ ಅದನ್ನು ವ್ರತದ ಕಟ್ಟಿನೊಳಗೆ ತರಬೇಕು. ಯಾವ ಸ್ಥಳದಲ್ಲಿ, ಎಷ್ಟು ಹೊತ್ತು ಅದು ಜೊತೆಯಲ್ಲಿರಬೇಕೆಂದು ದೇಶವ್ರತದ ರೀತಿಯಲ್ಲಿ ಗಡಿ ಹಾಕಿಕೊಳ್ಳಬೇಕು. ಅಂಗಡಿಗೆಂದು ಪಡೆದ ಪಿಸ್ತೂಲು ಮದುವೆಮನೆಗೂ ಬಸದಿಗೂ ಬರಬಾರದು. ವಸ್ತುಗಳನ್ನು ತೆಗೆಯುವುದರಲ್ಲಿ, ಇಡುವುದರಲ್ಲಿ ಮುನಿಗಳು ಪಾಲಿಸುವ ಆದಾನನಿಕ್ಷೇಪಣ ಸಮಿತಿಯ ಎಚ್ಚರವನ್ನು ಗೃಹಸ್ಥನು ಬೇರೆಲ್ಲಿ ಮರೆತರೂ ಇಲ್ಲಿ ಮರೆಯಬಾರದು: ಆಯುಧವು ಬೀಗದೊಳಗೆ, ಗುಂಡುಗಳು ಬೇರೆಡೆ, ಕೀಲಿಯು ಹೊಣೆಯರಿತವನ ಬಳಿ. ಅದನ್ನು ಇನ್ನೊಬ್ಬರ ಕೈಗೆ ಕೊಡುವುದು ಸಮಂತಭದ್ರಾಚಾರ್ಯರು ಅನರ್ಥದಂಡಗಳಲ್ಲಿ ಎಣಿಸಿದ ಹಿಂಸಾದಾನವಾಗುತ್ತದೆ. ಬಾಗಿಲಲ್ಲಿ ಕಾವಲುಗಾರನನ್ನು ನಿಲ್ಲಿಸುವ ತಂದೆಯೂ ಈ ಮಾತನ್ನು ಯೋಚಿಸಬೇಕು. ಅಲ್ಪಸಂಬಳಕ್ಕೆ ಬಂದ ಒಬ್ಬ ಬಡವನ ಕೈಗೆ ಬಂದೂಕು ಕೊಡುವುದರಿಂದ ಹಿಂಸೆಯ ಹೊಣೆಯು ಒಡೆಯನ ಹೆಗಲಿನಿಂದ ಇಳಿಯುವುದಿಲ್ಲ. ಪಾಪವನ್ನು ತಾನು ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರನ್ನೂ ಧರ್ಮವು ಲೆಕ್ಕಕ್ಕೆ ಹಿಡಿಯುತ್ತದೆ.

ಕೊನೆಯದಾಗಿ, ಕಾಣುವಂತೆಯೋ ಕಾಣದಂತೆಯೋ ಎಂಬ ಪ್ರಶ್ನೆಗೆ ಒಂದು ಸರಳ ಪರೀಕ್ಷೆಯಿದೆ. ತನ್ನ ಬಳಿ ಆಯುಧವಿದೆಯೆಂದು ಮಗನು ನೆರೆಮನೆಯವರಿಗೆ, ಅಂಗಡಿಯ ಕೆಲಸದವರಿಗೆ, ತನ್ನ ಹೆಂಡತಿಮಕ್ಕಳಿಗೆ ಸಂಕೋಚವಿಲ್ಲದೆ ಹೇಳಬಲ್ಲನೆ? ಹೇಳುವಾಗ ದನಿಯಲ್ಲಿ ಹೆಮ್ಮೆ ನುಸುಳದಂತೆ ಹೇಳಬಲ್ಲನೆ? ಕೇಳಿದವರು 'ಇವನ ಬಳಿ ಇದ್ದರೂ ಭಯವಿಲ್ಲ' ಎಂದುಕೊಳ್ಳುವಷ್ಟು ಅವನ ಸಂಯಮವು ಅವರಿಗೆ ಪರಿಚಿತವೆ? ಹೌದೆಂದಾದರೆ ಮೇಲಿನ ಹೊದಿಕೆಯು ಕರುಣೆಯ ಹೊದಿಕೆ. ಇಲ್ಲವೆಂದಾದರೆ ಅವನ ಸುತ್ತಲಿನವರ ನೆಮ್ಮದಿಯು ಅರಿಯದವರ ನೆಮ್ಮದಿ ಮಾತ್ರ. ಬಾವಿಯ ಬಾಯಿಗೆ ಚಾಪೆ ಹಾಸಿದಂತೆ. ಅದನ್ನು ಅಭಯವೆಂದು ಕರೆಯಲಾಗದು. ತಿಳಿದ ಮೇಲೆಯೂ ಉಳಿಯುವ ನೆಮ್ಮದಿಯೇ ಅಭಯ. ಕೊಡಗಿನ ಹಳ್ಳಿಯಲ್ಲಿ ತಲೆಮಾರುಗಳ ಕಟ್ಟಳೆಯು ಗಳಿಸಿಕೊಟ್ಟ ಆ ನೆಮ್ಮದಿಯನ್ನು ನಗರದ ಶ್ರಾವಕನು ತನ್ನ ನಿತ್ಯದ ನಡತೆಯಿಂದ ಗಳಿಸಬೇಕಾಗುತ್ತದೆ.

ಮೈಸೂರಿನ ಪಶ್ಚಿಮಕ್ಕೆ, ಕೊಡಗಿನ ದಾರಿಯಿಂದ ಹೆಚ್ಚು ದೂರವಿಲ್ಲದ ಗೊಮ್ಮಟಗಿರಿಯಲ್ಲಿ ಬಾಹುಬಲಿಯು ನಿಂತಿದ್ದಾನೆ. ಅವನ ಬಳಿ ಕಾಣುವ ಆಯುಧವಿಲ್ಲ. ಮರೆಮಾಡಲು ಬಟ್ಟೆಯೂ ಇಲ್ಲ. ಆ ಬೆಟ್ಟವನ್ನು ಏರಿದ ಯಾತ್ರಿಕನು ಯಾವ ಕಾವಲೂ ಇಲ್ಲದ ಆ ಮೂರ್ತಿಯ ಪಾದದಲ್ಲಿ ನಿರ್ಭಯನಾಗಿ ಕುಳಿತುಕೊಳ್ಳುತ್ತಾನೆ. ಗೃಹಸ್ಥನು ಆ ಸ್ಥಿತಿಯಲ್ಲಿ ಇಂದೇ ನಿಲ್ಲಲಾರನು. ಆದರೆ ಮನೆಯಿಂದ ಹೊರಡುವ ಪ್ರತಿ ಮುಂಜಾನೆಯೂ ಆಯುಧವನ್ನು ತೆಗೆದುಕೊಳ್ಳುವ ಮುನ್ನ ಆ ಮೂರ್ತಿಯನ್ನು ಒಮ್ಮೆ ನೆನೆದು, 'ಇಂದು ಇದು ಬೇಕೆ?' ಎಂದು ಕೇಳಿಕೊಳ್ಳಬಲ್ಲನು. ಬೇಡವೆಂಬ ಉತ್ತರ ಬಂದ ದಿನಗಳು ಹೆಚ್ಚುತ್ತ ಹೋದಂತೆ ಅವನ ಅಭಯದಾನವೂ ಹೆಚ್ಚುತ್ತ ಹೋಗುತ್ತದೆ.